ಹೋಗುವ ತಂತಿ, ಬರುವ ತಂತಿ

ಹಳೆಯ ಡೀಸೆಲ್ ಲಾರಿ ಓಡುವುದಕ್ಕೆ ಕರೆಂಟು ಬೇಡ. ಅದರ ಡೀಸೆಲ್ ಪಂಪನ್ನು ತಿರುಗಿಸುವುದು ಎಂಜಿನ್ನಿನ ಗೇರು. ಎಣ್ಣೆಗೆ ಬೆಂಕಿ ಹಚ್ಚುವುದು ಸಿಲಿಂಡರಿನೊಳಗೆ ಒತ್ತಿ ಬಿಸಿಯಾದ ಗಾಳಿ. ಒಮ್ಮೆ ಸ್ಟಾರ್ಟ್ ಆಯಿತೆಂದರೆ ಬ್ಯಾಟರಿ ಸತ್ತಿದ್ದರೂ ಬಂಡಿ ಹಗಲು ಹೊತ್ತಿನಲ್ಲಿ ಶಿರಸಿ ಮುಟ್ಟಿ ವಾಪಸು ಬರುತ್ತದೆ. ನಮ್ಮ ಕರಾವಳಿಯ ಹಳೆಯ ಲಾರಿಗಳ ವೈರಿಂಗು ಆ ಪರಿ ಹಾಳಾಗಿರುವುದಕ್ಕೆ ಇದೇ ಕಾರಣ ಎಂದು ನನಗೆ ಅನಿಸುತ್ತದೆ. ಪೆಟ್ರೋಲ್ ಬಂಡಿಯಾಗಿದ್ದರೆ ಕಿಡಿ ತಪ್ಪಿದ ದಿನವೇ ರಸ್ತೆ ಬದಿಗೆ ನಿಲ್ಲುತ್ತಿತ್ತು, ಯಾರೋ ತಂತಿ ಸರಿಮಾಡುತ್ತಿದ್ದರು. ಡೀಸೆಲ್ ಲಾರಿ ಮಾತ್ರ ಹೇಗೋ ನಡೆದುಬಿಡುತ್ತದೆ. ರಾತ್ರಿ ನಿಲ್ಲಿಸುವಾಗ ಇಳುಕಲು ನೋಡಿ ನಿಲ್ಲಿಸಿದರಾಯಿತು. ಬೆಳಿಗ್ಗೆ ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿ ಉರುಳಿಸಿ, ಆಮೇಲೆ ಕ್ಲಚ್ ಬಿಟ್ಟರೆ ಎಂಜಿನ್ ಹಿಡಿದುಕೊಳ್ಳುತ್ತದೆ. ನಮ್ಮಪ್ಪ ವರ್ಷಗಟ್ಟಲೆ ಹಾಗೆಯೇ ಲಾರಿ ಓಡಿಸಿದರು.

ಆ ಲಾರಿ 1967ರ ಟಾಟಾ ಮರ್ಸಿಡಿಸ್ ಬೆಂಜ್. ಎಂಜಿನ್ ಮುಂದಕ್ಕೆ ಚಾಚಿದ ಮೂತಿಯೊಳಗೆ, ಗ್ರಿಲ್ಲಿನ ಮೇಲೆ ಮೂರು ಮೂಲೆಯ ನಕ್ಷತ್ರ. ಟೆಲ್ಕೊ ಕಂಪನಿ 1945ರಲ್ಲಿ ರೈಲು ಎಂಜಿನ್ ಮಾಡಲು ಹುಟ್ಟಿದ್ದು. 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಹೋಗಿ ಟಾಟಾದ ಟಿ ಬಂತು. ನಮ್ಮೂರಿನವರು ಎರಡಕ್ಕೂ ಬೆಂಜ್ ಲಾರಿ ಎಂದೇ ಹೇಳುತ್ತಿದ್ದರು. ಹೊಳನಗದ್ದೆಯಿಂದ ಹೊರಟು ಸಾಣಿಕಟ್ಟಾದ ಆಗರದಲ್ಲಿ ಉಪ್ಪು ಹೇರಿ, ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಗೆ ಇಳಿಸಿ ಬರುವುದು ಅದರ ಮುಖ್ಯ ಕೆಲಸವಾಗಿತ್ತು. ಉಪ್ಪಿನ ಲಾರಿ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕತೆಯೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಬಂಡಿಯನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದು ಹೊರಟಾಗ ಎಂಜಿನ್, ಬ್ರೇಕು, ಟಿಂಕರಿಂಗು ಎಲ್ಲಕ್ಕೂ ಜನ ಸಿಕ್ಕರು. ವೈರಿಂಗನ್ನು ನಾನೇ ಮಾಡಬೇಕಾಯಿತು. ಲಾರಿಯಲ್ಲಿ ಇದ್ದದ್ದು ಡೈನಮೋ, ಅದರ ಮೈಮೇಲಿನ ತಗಡಿನಲ್ಲಿ 25 ಆಂಪಿಯರ್ ಎಂದು ಬರೆದಿತ್ತು. ಆ ಕಾಲಕ್ಕೆ ಅದು ಸಾಕಾಗಿದ್ದಿರಬೇಕು. ಈಗಿನ ಲೆಕ್ಕ ನೋಡಿ: ಹೆಡ್‌ಲೈಟ್ ಎರಡಕ್ಕೆ 120 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 10 ಆಂಪಿಯರ್. ಹಿಂದಿನ ದೀಪ, ಬದಿಯ ದೀಪ, ನಂಬರ್ ಪ್ಲೇಟಿನ ದೀಪ ಸೇರಿ ಸುಮಾರು 5. ವೈಪರ್ ಮೋಟಾರಿಗೆ 4-5. ಕ್ಯಾಬಿನ್ನಿನ ಫ್ಯಾನಿಗೆ 2. ಮೇಲೆ ಬ್ರೇಕ್ ಲೈಟು, ಇಂಡಿಕೇಟರು, ಹಾರನ್ನು. ಮಳೆಗಾಲದ ಸಂಜೆ ದೇವಿಮನೆಯಲ್ಲಿ ಮಂಜು ಕವಿದಾಗ ಇವೆಲ್ಲ ಒಟ್ಟಿಗೇ ಬೇಕು, ಆಗ ಬಂಡಿ ಒಂದನೇ ಎರಡನೇ ಗೇರಿನಲ್ಲಿ ತೆವಳುತ್ತಿರುತ್ತದೆ ಅಥವಾ ಎದುರಿನ ಬಸ್ಸಿಗೆ ದಾರಿ ಬಿಟ್ಟು ತಿರುವಿನಲ್ಲಿ ನಿಂತಿರುತ್ತದೆ. ನಿಂತ ಬಂಡಿಯಲ್ಲಿ ಡೈನಮೋ ಏನನ್ನೂ ಕೊಡುವುದಿಲ್ಲ. ಅದರ ವೋಲ್ಟೇಜು ಬ್ಯಾಟರಿಗಿಂತ ಕೆಳಗಿಳಿದ ಕೂಡಲೇ ಕಟೌಟ್ ಡಬ್ಬಿಯೊಳಗಿನ ಸಂಪರ್ಕ ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಬ್ಯಾಟರಿಯೇ ಡೈನಮೋಗೆ ಕರೆಂಟು ಹರಿಸಿ ಅದನ್ನು ಸುಟ್ಟುಹಾಕುತ್ತದೆ. ಹಳೆಯ ಲಾರಿಗಳ ದೀಪ ನಿಂತಾಗ ಮಂಕಾಗಿ ಆಕ್ಸಿಲರೇಟರ್ ಒತ್ತಿದಾಗ ಬೆಳಗುತ್ತಿದ್ದುದು ಇದಕ್ಕೇ.

ಆಲ್ಟರ್ನೇಟರಿನಲ್ಲಿ ಈ ತೊಂದರೆ ಕಡಿಮೆ. ಡೈನಮೋದಲ್ಲಿ ಹುಟ್ಟಿದ ಕರೆಂಟೆಲ್ಲ ಕಾರ್ಬನ್ ಬ್ರಶ್ ದಾಟಿಯೇ ಹೊರಗೆ ಬರಬೇಕು. ಆಲ್ಟರ್ನೇಟರಿನಲ್ಲಿ ಬ್ರಶ್ ಮೂಲಕ ಹೋಗುವುದು ಒಳಗಿನ ತಿರುಗುವ ಸುರುಳಿಗೆ ಬೇಕಾದ ಮೂರು ನಾಲ್ಕು ಆಂಪಿಯರ್ ಮಾತ್ರ. ನಿಜವಾದ ಉತ್ಪಾದನೆ ಅಲುಗಾಡದ ಹೊರ ಸುರುಳಿಯಿಂದ ಡಯೋಡ್ ದಾಟಿ ಬರುತ್ತದೆ. ಹಾಗಾಗಿ ಅದನ್ನು ಹೆಚ್ಚು ವೇಗದಲ್ಲಿ ತಿರುಗಿಸಬಹುದು, ಪುಲ್ಲಿಯನ್ನು ಚಿಕ್ಕದು ಮಾಡಬಹುದು. ನಮ್ಮ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿ 180 ಮಿಲಿಮೀಟರ್, ಡೈನಮೋದ್ದು 110. ಎಂಜಿನ್ 550 ಸುತ್ತಿನಲ್ಲಿ ಐಡ್ಲಿಂಗ್ ಇದ್ದಾಗ ಡೈನಮೋ 900 ಸುತ್ತು ತಿರುಗುತ್ತಿತ್ತು. ಹೊಸ ಆಲ್ಟರ್ನೇಟರಿನ ಪುಲ್ಲಿ 75. ಅದೇ ಐಡ್ಲಿಂಗಿನಲ್ಲಿ ಅದು 1320 ಸುತ್ತು ತಿರುಗುತ್ತದೆ, ದೀಪಗಳಿಗೆ ಸಾಲುವಷ್ಟು ಕೊಡತೊಡಗುತ್ತದೆ.

ಎಷ್ಟು ಆಂಪಿಯರಿನದು ಹಾಕಬೇಕು ಎಂಬಲ್ಲಿ ಹುಡುಗರು ಹದ ತಪ್ಪುತ್ತಾರೆ. 120 ಆಂಪಿಯರಿನದೇ ಸಿಗುತ್ತದೆ, ಹಾಕಿಬಿಡಿ ಎಂದು ನನಗೂ ಹೇಳಿದವರಿದ್ದರು. ನನ್ನ ಒಟ್ಟು ಖರ್ಚು 25 ಆಂಪಿಯರ್. ಆಲ್ಟರ್ನೇಟರಿನ ಮೇಲೆ ಬರೆದ ಅಂಕಿ ಅದು ಆರು ಸಾವಿರ ಸುತ್ತಿನ ಆಸುಪಾಸಿನಲ್ಲಿ ಕೊಡುವಂಥದ್ದು. ಐಡ್ಲಿಂಗಿನಲ್ಲಿ ಅದರ ಮೂರನೇ ಒಂದು ಪಾಲು, ಹೆಚ್ಚೆಂದರೆ ಅರ್ಧ ಸಿಗುತ್ತದೆ. ಹಾಗಾಗಿ 65 ಆಂಪಿಯರಿನದು ಸರಿ ಎಂದು ನಿಶ್ಚಯಿಸಿದೆ. ಅದಕ್ಕಿಂತ ದೊಡ್ಡದಾದರೆ ಬೆಲ್ಟು ಒಪ್ಪುವುದಿಲ್ಲ. 65 ಆಂಪಿಯರ್ ಪೂರ್ತಿ ಎಳೆದರೆ 900 ವ್ಯಾಟ್. ಆಲ್ಟರ್ನೇಟರಿನೊಳಗೆ ಅರ್ಧದ ಹತ್ತಿರ ಬಿಸಿಯಾಗಿ ಹೋಗುವುದರಿಂದ ಬೆಲ್ಟು ಎಳೆಯಬೇಕಾದದ್ದು ಎರಡು ಅಶ್ವಶಕ್ತಿಗೂ ಹೆಚ್ಚು. ಅದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸಬೇಕು. ಒಂದೇ ವಿ ಬೆಲ್ಟಿನ ಮೇಲೆ 120 ಆಂಪಿಯರ್ ಹೇರಿದರೆ ಅದು ಕಿರುಚಿ, ಜಾರಿ, ಕೊನೆಗೆ ಎಂಜಿನ್ನನ್ನೇ ಬಿಸಿ ಮಾಡುತ್ತದೆ.

ಗುಜರಿಯಲ್ಲಿ ಸಿಗುವ ಆಲ್ಟರ್ನೇಟರುಗಳ ಬಗ್ಗೆ ಒಂದು ಮಾತು. ಚಿಕ್ಕ ಡೀಸೆಲ್ ಬಂಡಿಗಳಿಂದ ಬಿಚ್ಚಿದವುಗಳ ಬೆನ್ನಿಗೆ ಬಹಳ ಸಲ ಒಂದು ವ್ಯಾಕ್ಯೂಮ್ ಪಂಪು ಅಂಟಿಕೊಂಡಿರುತ್ತದೆ. ಅದು ಬ್ರೇಕ್ ಬೂಸ್ಟರಿಗಾಗಿ ಇರುವುದು. ಅದಕ್ಕೆ ಎಂಜಿನ್ ಆಯಿಲ್ ಪೈಪು ಕೊಡಬೇಕು, ಕೊಡದಿದ್ದರೆ ಒಣಗಿ ಹಿಡಿದುಕೊಳ್ಳುತ್ತದೆ. ನಮ್ಮದರಲ್ಲಿ ಗಾಳಿ ಕಂಪ್ರೆಸರ್ ಬೇರೆಯೇ ಇದೆ, ಆ ಪಂಪಿನ ಕೆಲಸವೇ ಇಲ್ಲ. ಪಂಪಿಲ್ಲದ ಹೊಸದನ್ನೇ ಹುಬ್ಬಳ್ಳಿಯಿಂದ ತಂದೆ.

ಅಪ್ಪನಿಗೆ ಬೇರೆಯೇ ಚಿಂತೆ. "ತಮಾ, ಅಷ್ಟು ದೊಡ್ಡದು ಹಾಕಿದ್ರೆ ಬ್ಯಾಟ್ರಿ ಉಕ್ಕಿ ಹೋಗೂದಿಲ್ಲನಾ?"

ಈ ಪ್ರಶ್ನೆಯನ್ನು ಆಮೇಲೆ ಎಷ್ಟೋ ಜನ ಕೇಳಿದ್ದಾರೆ, ಗ್ಯಾರೇಜಿನವರೂ ಕೇಳಿದ್ದಾರೆ. ಊಟದ ಪಂಕ್ತಿಯಲ್ಲಿ ಬಡಿಸುವವನ ಕೈಯಲ್ಲಿ ದೊಡ್ಡ ಹಂಡೆ ಇದ್ದ ಮಾತ್ರಕ್ಕೆ ಎಲೆಯ ಮುಂದೆ ಕೂತವನು ಹೆಚ್ಚು ಉಣ್ಣುವುದಿಲ್ಲ. ಒಳಗಿನ ರೆಗ್ಯುಲೇಟರ್ ವೋಲ್ಟೇಜನ್ನು 14.2ರ ಆಸುಪಾಸಿನಲ್ಲಿ ಹಿಡಿದಿಟ್ಟಿರುತ್ತದೆ. ತುಂಬಿದ ಬ್ಯಾಟರಿ ಆ ವೋಲ್ಟೇಜಿನಲ್ಲಿ ಒಂದೆರಡು ಆಂಪಿಯರಿಗಿಂತ ಹೆಚ್ಚು ಎಳೆಯುವುದೇ ಇಲ್ಲ. ಬ್ಯಾಟರಿ ಉಕ್ಕುವುದು ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ 15 ದಾಟಿದಾಗ. ಆದರೆ ಹಸಿದ ಬ್ಯಾಟರಿಯ ಮಾತು ಬೇರೆ. ವಾರಗಟ್ಟಲೆ ನಿಂತ ಲಾರಿಯನ್ನು ದೂಡಿ ಸ್ಟಾರ್ಟ್ ಮಾಡಿ, ಮೇಲೆ ಹೆಡ್‌ಲೈಟೂ ಹಾಕಿದರೆ ಆ ಮೊದಲ ಅರ್ಧ ಗಂಟೆಯಲ್ಲಿ ಆಲ್ಟರ್ನೇಟರ್ ತನ್ನ ಕೈಲಾದಷ್ಟನ್ನೂ ಸುರಿಯುತ್ತದೆ. ಅಪಾಯ ಇರುವುದು ಆಗ, ಅದೂ ಬ್ಯಾಟರಿಗಲ್ಲ, ತಂತಿಗೆ.

ಹಳೆಯ ವೈರಿಂಗಿನಲ್ಲಿ ಡೈನಮೋದ ದಾರಿ ಹೀಗಿತ್ತು: ಡೈನಮೋದಿಂದ ಕಟೌಟ್, ಅಲ್ಲಿಂದ ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರಿನ ಒಳಹೊಕ್ಕು ಹೊರಬಂದು, ಮತ್ತೆ ಕೆಳಗಿಳಿದು ಬ್ಯಾಟರಿ. 30ರ ತನಕ ತೋರಿಸುವ ಮೀಟರು, 6 ಚದರ ಮಿಲಿಮೀಟರಿನ ತಂತಿ, ಅದರ ಮೇಲೆ ಹತ್ತಿಯ ಹೆಣಿಗೆ. ಹೆಣಿಗೆ ಇಲಿ ತಿಂದು ಬಿಟ್ಟಷ್ಟು ಉಳಿದಿತ್ತು. ಆ ದಾರಿಯಲ್ಲಿ 60 ಆಂಪಿಯರ್ ಓಡಿಸಿದರೆ ಡ್ಯಾಶ್‌ಬೋರ್ಡಿನ ಹಿಂದೆ ಹೊಗೆ ಏಳುವುದು ಖಚಿತ. ಹಾಗಾಗಿ ಆಲ್ಟರ್ನೇಟರಿನ ದಪ್ಪ ತಂತಿ ಡ್ಯಾಶ್‌ಬೋರ್ಡಿನ ಹತ್ತಿರವೂ ಸುಳಿಯಬಾರದು, ನೇರ ಬ್ಯಾಟರಿಗೆ ಹೋಗಬೇಕು.

ಎಷ್ಟು ದಪ್ಪ? ಇದಕ್ಕೆ ಗ್ಯಾರೇಜಿನ ಕಣ್ಣಂದಾಜು ಸಾಲದು, ಆದರೆ ಲೆಕ್ಕ ಹೈಸ್ಕೂಲಿನದೇ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ತಡೆ 0.0175 ಓಮ್. ನಮ್ಮ ಬ್ಯಾಟರಿ ಪೆಟ್ಟಿಗೆ ಕ್ಯಾಬಿನ್ನಿನ ಹಿಂದೆ ಚಾಸಿಗೆ ನೇತುಬಿದ್ದಿದೆ. ಆಲ್ಟರ್ನೇಟರಿನಿಂದ ಅಲ್ಲಿಗೆ ತಂತಿ ಸುತ್ತಿ ಬರುವಾಗ 4 ಮೀಟರ್. 6 ಚದರ ಮಿಲಿಮೀಟರಿನ ತಂತಿಯಲ್ಲಿ 60 ಆಂಪಿಯರ್ ಹರಿದರೆ 0.7 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೆ ಬ್ಯಾಟರಿಗೆ ತಲುಪುವುದು 13.5, ಅಷ್ಟರಲ್ಲಿ ಬ್ಯಾಟರಿ ಪೂರ್ತಿ ತುಂಬುವುದು ಕಷ್ಟ. 16ರ ತಂತಿಯಲ್ಲಿ ಈ ನಷ್ಟ 0.26, 25ರ ತಂತಿಯಲ್ಲಿ 0.17. ನಾನು 25 ಹಾಕಿದೆ. ಬ್ಯಾಟರಿಯ ತುದಿಯಲ್ಲಿ, ಒಂದು ಗೇಣಿನೊಳಗೆ, 80 ಆಂಪಿಯರಿನ ಬೋಲ್ಟ್ ಫ್ಯೂಸ್ ಹಾಕಿದೆ. ಫ್ಯೂಸನ್ನು ಆಲ್ಟರ್ನೇಟರಿನ ಬದಿಗೆ ಹಾಕುವವರಿದ್ದಾರೆ, ಅದು ಉಪಯೋಗವಿಲ್ಲದ ಕೆಲಸ. ತಂತಿ ಎಲ್ಲಾದರೂ ಚಾಸಿಗೆ ಉಜ್ಜಿ ತಾಗಿದರೆ ನೂರಾರು ಆಂಪಿಯರ್ ಸುರಿಯುವುದು ಬ್ಯಾಟರಿ, ಆಲ್ಟರ್ನೇಟರ್ ಅಲ್ಲ.

ಇಷ್ಟೆಲ್ಲ ಮಾಡಿ, ಬೆಲ್ಟು ಬಿಗಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಎಲ್ಲ ದೀಪ ಉರಿಸಿ ಮಲ್ಟಿಮೀಟರ್ ಹಿಡಿದೆ. ಆಲ್ಟರ್ನೇಟರಿನ ಬೆನ್ನ ಮೇಲೆ, ಅದರ ಮೈಗೂ ಬಿ ಟರ್ಮಿನಲ್ಲಿಗೂ ಹಿಡಿದರೆ 14.3. ಬ್ಯಾಟರಿಯ ಎರಡು ಕಂಬಗಳ ಮೇಲೆ 13.4. ದಪ್ಪ ತಂತಿಯ ಎರಡು ತುದಿಗಳ ನಡುವೆ ನೋಡಿದರೆ ನಷ್ಟ 0.1 ಮಾತ್ರ. ಉಳಿದ 0.8 ಎಲ್ಲಿ ಹೋಯಿತು?

ಇದಕ್ಕೆ ಉತ್ತರ ಹೇಳಿದ್ದು ಲಾರಿಯನ್ನೇ ಮುಟ್ಟದ ಒಬ್ಬ ಮನುಷ್ಯ. ತದಡಿಯ ಬೋಟುಗಳಿಗೆ ವೈರಿಂಗ್ ಮಾಡುವವರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಹೊತ್ತಿನಲ್ಲಿ ಬೋಟಿನ ಎಲೆಕ್ಟ್ರಿಷಿಯನ್‌ಗಳು ದಡದಲ್ಲಿ ಸಿಗುತ್ತಾರೆ, ಮಾತಾಡುವುದಕ್ಕೂ ಬಿಡುವಿರುತ್ತದೆ. ಟ್ರಾಲರುಗಳಲ್ಲಿ ಇರುವುದೂ ಲಾರಿಯ ಜಾತಿಯ ಡೀಸೆಲ್ ಎಂಜಿನ್ನೇ. ಆಲ್ಟರ್ನೇಟರ್ ಅಲ್ಲೂ ಇದೆ, ದೀಪ, ಜಿಪಿಎಸ್, ಮೀನು ಹುಡುಕುವ ಫಿಶ್ ಫೈಂಡರ್, ವೈರ್‌ಲೆಸ್ ಎಲ್ಲ ಅದರ ಮೇಲೆಯೇ ನಡೆಯುವುದು. ಅವರು ಬಂದವರೇ ನನ್ನ ದಪ್ಪ ಕೆಂಪು ತಂತಿಯನ್ನು ಕೈಯಲ್ಲಿ ಹಿಡಿದು ನೋಡಿ, "ಹೋಗೂದು ಜೋರಾಗಿ ಮಾಡಿದ್ದೀ. ಬರೂದು ಎಲ್ಲಿ?" ಎಂದು ಕೇಳಿದರು.

ಬರುವುದು ಚಾಸಿಯ ಮೇಲೆ, ಎಲ್ಲ ಬಂಡಿಗಳ ಹಾಗೆ, ಎಂದೆ.

"ಮರದ ಬೋಟಿಗೆ ಚಾಸಿ ಎಲ್ಲಿಂದ ಬರ್ಬೇಕು ಮಾರಾಯಾ? ನಾವು ಎರಡೂ ತಂತಿ ಎಳೆಯೂದೇ."

ಕರೆಂಟು ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋದಷ್ಟೇ ಪ್ರಮಾಣದಲ್ಲಿ ವಾಪಸು ಬರಬೇಕು ಎಂಬುದು ಪಾಠದ ಮಾತು. ಲಾರಿಯಲ್ಲಿ ಅದು ಬ್ಯಾಟರಿಯ ನೆಗೆಟಿವಿನಿಂದ ಚಾಸಿ, ಚಾಸಿಯಿಂದ ಹೆಣೆದ ತಾಮ್ರದ ಪಟ್ಟಿಯ ಮೂಲಕ ಎಂಜಿನ್, ಎಂಜಿನ್ನಿನಿಂದ ಬ್ರಾಕೆಟ್, ಬ್ರಾಕೆಟ್ಟಿನಿಂದ ಆಲ್ಟರ್ನೇಟರಿನ ಮೈ, ಹೀಗೆ ಬೋಲ್ಟು ಬೋಲ್ಟು ದಾಟಿ ಬರುತ್ತದೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಆ ಪಟ್ಟಿ ಇಲ್ಲದಿದ್ದರೆ ಎಂಜಿನ್ನಿಗೂ ಚಾಸಿಗೂ ಸಂಬಂಧವೇ ಇಲ್ಲ. ಇದು ಉಪ್ಪು ಹೊತ್ತ ಲಾರಿ. ಮೂಟೆಯಿಂದ ಸೋರಿದ ಉಪ್ಪುನೀರು ವರ್ಷಾನುಗಟ್ಟಲೆ ಚಾಸಿಯ ಮೇಲೆ ಇಳಿದಿದೆ. ಮೇಲಿಂದ ಟಿಂಕರಿಂಗಿನವರು ಹೊಸ ಬಣ್ಣ ಬಳಿದಿದ್ದರು, ಬಣ್ಣದ ಮೇಲೆಯೇ ಅರ್ಥಿಂಗ್ ಬೋಲ್ಟು ಬಿಗಿದಿತ್ತು. ಪಟ್ಟಿಯನ್ನು ಬಿಚ್ಚಿ ಕೈಯಲ್ಲಿ ಬಗ್ಗಿಸಿದಾಗ ಒಳಗಿನ ಎಳೆಗಳು ಹಸಿರು ಹಿಟ್ಟಾಗಿ ಉದುರಿದವು. ಹೊರಗೆ ನೋಡಲು ಪಟ್ಟಿ, ಒಳಗೆ ನಾಲ್ಕೈದು ಎಳೆ ತಾಮ್ರ. ಪಟ್ಟಿಯ ತುದಿಯ ಲಗ್ಗನ್ನು ಹಿಂದೆ ಯಾರೋ ಸುತ್ತಿಗೆಯಲ್ಲಿ ಜಜ್ಜಿ ಕೂರಿಸಿದ್ದರು.

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದನ್ನು ಆಲ್ಟರ್ನೇಟರಿನ ಮೈಮೇಲೆ ಇಟ್ಟಾಗ ಆ ಕಳೆದುಹೋದ 0.8 ಸಿಕ್ಕಿತ್ತು. ಎಲ್ಲ ಗ್ಯಾರೇಜಿನಲ್ಲೂ ಪಾಸಿಟಿವ್ ಬದಿ ನೋಡುತ್ತಾರೆ. ನೆಗೆಟಿವ್ ಬದಿಯನ್ನು ಹೀಗೆ, ಎಂಜಿನ್ ಓಡುತ್ತಿರುವಾಗ, ಎಲ್ಲ ದೀಪ ಉರಿಯುತ್ತಿರುವಾಗ ನೋಡುವವರನ್ನು ನಾನು ಕಂಡದ್ದು ಕಡಿಮೆ. ದೀಪ ಆರಿಸಿ ನೋಡಿದರೆ ಮೀಟರು ಸೊನ್ನೆಯನ್ನೇ ತೋರಿಸುತ್ತದೆ, ಕರೆಂಟು ಹರಿಯದ ತಂತಿಯಲ್ಲಿ ನಷ್ಟವೂ ಇರುವುದಿಲ್ಲ. ಆಗ ಎಲ್ಲ ಸರಿಯಿದೆ ಎಂದು ಸಮಾಧಾನ ಪಟ್ಟುಕೊಂಡು ಹೊಸ ಆಲ್ಟರ್ನೇಟರನ್ನು ಬೈಯುವುದು. ಇಂಥ ಬಂಡಿಗಳಲ್ಲಿ ಇನ್ನೂ ಒಂದು ವಿಚಿತ್ರ ನಡೆಯುತ್ತದೆ: ಸೆಲ್ಫ್ ಹೊಡೆದಾಗ ಬೇಕಾದ ನೂರಾರು ಆಂಪಿಯರಿಗೆ ಪಟ್ಟಿಯಲ್ಲಿ ದಾರಿ ಸಿಗದೆ, ಅದು ಆಕ್ಸಿಲರೇಟರ್ ಕೇಬಲ್ಲೋ ಸ್ಟಾಪ್ ಕೇಬಲ್ಲೋ ಹಿಡಿದು ವಾಪಸು ಹೋಗಲು ನೋಡುತ್ತದೆ. ನಮ್ಮ ಸ್ಟಾಪ್ ಕೇಬಲ್ಲಿನ ಮೇಲ್ಹೊದಿಕೆ ಒಂದು ಕಡೆ ಸುಟ್ಟು ಕರಕಲಾಗಿದ್ದುದು ಯಾಕೆಂದು ಅಪ್ಪನಿಗೆ ಅಂದು ಗೊತ್ತಾಯಿತು.

ಬೋಟಿನ ಎಲೆಕ್ಟ್ರಿಷಿಯನ್ ಹೇಳಿದ ಹಾಗೆ, ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ನೆಗೆಟಿವಿಗೆ ನೇರವಾಗಿ ಇನ್ನೊಂದು 25ರ ಕಪ್ಪು ತಂತಿ ಎಳೆದೆವು. ಅದೂ ತವರ ಲೇಪಿಸಿದ ತಾಮ್ರದ್ದು. ಬೋಟಿನವರು ಬಳಸುವುದು ಅದನ್ನೇ, ಎಳೆ ಎಳೆಗೂ ಲೇಪ ಇರುವುದರಿಂದ ಉಪ್ಪುಗಾಳಿಗೆ ಬೇಗ ಹಸಿರಾಗುವುದಿಲ್ಲ. ಲಗ್ಗುಗಳನ್ನು ಸೋಲಾರ್ ಪ್ಯಾನೆಲ್ ಹಾಕುವ ಹುಡುಗನ ಹೈಡ್ರಾಲಿಕ್ ಕ್ರಿಂಪರ್ ಕೇಳಿ ತಂದು ಒತ್ತಿದೆವು. ಬೆಸುಗೆ ಹಾಕಲಿಲ್ಲ. ಬೆಸುಗೆಯ ಸೀಸ ಎಳೆಗಳೊಳಗೆ ಹೀರಿಕೊಂಡು ತಂತಿಯನ್ನು ಕಡ್ಡಿ ಮಾಡುತ್ತದೆ, ಆ ಕಡ್ಡಿ ಮುಗಿಯುವ ಜಾಗದಲ್ಲಿ ಡೀಸೆಲ್ ಎಂಜಿನ್ನಿನ ನಡುಕಕ್ಕೆ ತುಂಡಾಗುತ್ತದೆ. ಚಾಸಿಗೆ ಬೋಲ್ಟು ಬೀಳುವ ಜಾಗದಲ್ಲಿ ಬಣ್ಣ ಕೆರೆದು ಬಿಳಿ ಕಬ್ಬಿಣ ಕಾಣಿಸಿ, ಬಿಗಿದ ಮೇಲೆ ಗ್ರೀಸ್ ಬಳಿದೆವು. ಎಂಜಿನ್ನಿಗೂ ಚಾಸಿಗೂ ಹೊಸ ಪಟ್ಟಿ. ಆಮೇಲೆ ಅದೇ ಪರೀಕ್ಷೆ: ಆಲ್ಟರ್ನೇಟರಿನಲ್ಲಿ 14.3, ಬ್ಯಾಟರಿಯಲ್ಲಿ 14.1.

ಇನ್ನುಳಿದದ್ದು ಚಿಕ್ಕ ಸಂಗತಿಗಳು, ಆದರೆ ಗೊತ್ತಿಲ್ಲದಿದ್ದರೆ ಕೈ ಕೊಡುವಂಥವು. ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಬಲ್ಬು ಬರೀ ಎಚ್ಚರಿಕೆಯ ದೀಪವಲ್ಲ. ಡೈನಮೋದ ಕಬ್ಬಿಣದಲ್ಲಿ ಉಳಿದ ಅಯಸ್ಕಾಂತ ಶಕ್ತಿಯಿಂದ ಅದು ತಾನಾಗಿಯೇ ಎಚ್ಚರಗೊಳ್ಳುತ್ತದೆ. ಆಲ್ಟರ್ನೇಟರಿಗೆ ಮೊದಲ ಗುಟುಕು ಕರೆಂಟು ಹೋಗುವುದು ಈ ಬಲ್ಬಿನ ಮೂಲಕ. ಬಲ್ಬು ಸುಟ್ಟಿದ್ದರೆ, ಅಥವಾ ಅಂದಕ್ಕೆಂದು ಅಲ್ಲಿ ಎಲ್‌ಇಡಿ ಹಾಕಿದ್ದರೆ, ಎಂಜಿನ್ ಜೋರಾಗಿ ರೇಸ್ ಮಾಡುವ ತನಕ ಚಾರ್ಜಿಂಗ್ ಶುರುವಾಗದೆ ಇರಬಹುದು. ನಮ್ಮಲ್ಲಿ 12 ವೋಲ್ಟ್ 2.2 ವ್ಯಾಟಿನ ಹಳೆಯ ಜಾತಿಯ ಬಲ್ಬೇ ಇದೆ. ಆ ಮೊದಲ ಗುಟುಕು ಬ್ಯಾಟರಿಯಿಂದಲೇ ಬರಬೇಕಾದ್ದರಿಂದ ಇಳುಕಲಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡುವ ಹಳೆಯ ವಿದ್ಯೆಯೂ ಅರ್ಧಕ್ಕೆ ನಿಂತಿತು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಂಜಿನ್ ಹಿಡಿದರೂ ಆಲ್ಟರ್ನೇಟರ್ ಏಳುವ ಖಾತ್ರಿ ಇಲ್ಲ. ಈ ಒಂದು ವಿಷಯದಲ್ಲಿ ಡೈನಮೋವೇ ಮೇಲು ಎಂದು ಅಪ್ಪ ಈಗಲೂ ಹೇಳುತ್ತಾರೆ, ನಾನು ಒಪ್ಪುತ್ತೇನೆ.

ಬ್ಯಾಟರಿ ನೆಗೆಟಿವ್ ಚಾಸಿಗೆ ಇದೆಯೋ ಪಾಸಿಟಿವ್ ಇದೆಯೋ ಎಂದು ಮೊದಲು ನೋಡಬೇಕು. ಬ್ರಿಟಿಷ್ ಮೂಲದ ಹಳೆಯ ಬಂಡಿಗಳಲ್ಲಿ ಪಾಸಿಟಿವ್ ಅರ್ಥಿಂಗ್ ಇರುತ್ತಿತ್ತು; ಅದನ್ನು ಗಮನಿಸದೆ ಆಲ್ಟರ್ನೇಟರ್ ಜೋಡಿಸಿದ ಕ್ಷಣವೇ ಡಯೋಡುಗಳು ಹೋಗುತ್ತವೆ. ಕೆಲವು ಲಾರಿಗಳಲ್ಲಿ ದೀಪಕ್ಕೆ 12, ಸೆಲ್ಫಿಗೆ 24 ವೋಲ್ಟಿನ ಏರ್ಪಾಡೂ ಇತ್ತು. ನಮ್ಮದನ್ನು ಹಿಂದೆಯೇ ಯಾರೋ ಪೂರ್ತಿ 12 ಮಾಡಿಸಿದ್ದರು.

ಒಂದು ದಿನ ಅಪ್ಪನ ಕಾಲದ ಮೆಕ್ಯಾನಿಕ್ ಒಬ್ಬರು ಲಾರಿ ನೋಡಲು ಬಂದರು. ಎಂಜಿನ್ ಓಡುತ್ತಿತ್ತು. "ಚಾರ್ಜು ಆಗ್ತದ್ಯಾ ನೋಡ್ವಾ" ಎನ್ನುತ್ತ ಸ್ಪ್ಯಾನರ್ ಹಿಡಿದು ಬ್ಯಾಟರಿ ಟರ್ಮಿನಲ್ಲಿಗೆ ಕೈ ಹಾಕಿದರು. ಡೈನಮೋ ಕಾಲದಲ್ಲಿ ಎಲ್ಲರೂ ಹೀಗೆಯೇ ನೋಡುತ್ತಿದ್ದುದು: ಟರ್ಮಿನಲ್ ಕಿತ್ತರೂ ದೀಪ ಉರಿದರೆ ಚಾರ್ಜಿಂಗ್ ಇದೆ ಎಂದು. ಆಲ್ಟರ್ನೇಟರಿನಲ್ಲಿ ಚಾರ್ಜಿಂಗ್ ನಡೆಯುವಾಗ ಬ್ಯಾಟರಿ ಕಿತ್ತರೆ ವೋಲ್ಟೇಜು ಒಮ್ಮೆಲೇ ಎಷ್ಟೋ ಪಟ್ಟು ಚಿಮ್ಮಿ ಡಯೋಡು, ರೆಗ್ಯುಲೇಟರು, ಉರಿಯುತ್ತಿರುವ ಬಲ್ಬು ಎಲ್ಲವನ್ನೂ ತೆಗೆದುಕೊಂಡು ಹೋಗುತ್ತದೆ. ಅವರ ಕೈ ಹಿಡಿದುಕೊಂಡೇ ಚಾ ಕುಡಿಯಲು ಒಳಗೆ ಕರೆದುಕೊಂಡು ಹೋದೆ. ಚಾಸಿಗೆ ವೆಲ್ಡಿಂಗ್ ಮಾಡಿಸುವ ದಿನವೂ ಎಂಜಿನ್ ನಿಲ್ಲಿಸಿ, ಬ್ಯಾಟರಿ ಮತ್ತು ಆಲ್ಟರ್ನೇಟರಿನ ತಂತಿ ಬಿಚ್ಚಿಟ್ಟೇ ಶುರುಮಾಡಬೇಕು.

ಮೂಲ ರೂಪ ಕೆಡಿಸಿದೆ ಎಂದು ಬೇಸರಪಟ್ಟವರೂ ಇದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಎನ್ನುತ್ತದೆ ಅದು. ಆದರೆ ಆ ನಿಯಮ ಇರುವುದು ಬೈಕು ಕಾರುಗಳಿಗೆ, ಲಾರಿಗೆ ಅದರಲ್ಲಿ ಜಾಗವೇ ಇಲ್ಲ. ದುಡಿದ ಬಂಡಿಗೆ ಮರ್ಯಾದೆ ಅಷ್ಟೇ. ಆದರೂ ನೋಡುವವರ ಸಮಾಧಾನಕ್ಕೆ ಕಟೌಟ್ ಡಬ್ಬಿಯನ್ನು ಅದರ ಜಾಗದಲ್ಲೇ ಬಿಟ್ಟಿದ್ದೇನೆ. ಒಳಗಿನ ಸುರುಳಿಗಳನ್ನು ತೆಗೆದು ದೀಪಗಳ ಫ್ಯೂಸುಗಳನ್ನು ಅಲ್ಲಿ ಕೂರಿಸಿದೆ; ಮುಚ್ಚಳ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಡೈನಮೋವನ್ನು ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ, ಬೇಕೆನ್ನುವವರು ಮುಂದೆ ಹಾಕಿಕೊಳ್ಳಲಿ. ಆಂಪಿಯರ್ ಮೀಟರಿನ ಎರಡು ತಂತಿಗಳನ್ನು ಬಿಚ್ಚಿ, ಅದರ ಪಕ್ಕದಲ್ಲಿ ಚಿಕ್ಕ ವೋಲ್ಟ್ ಮೀಟರ್ ಹಾಕಿದ್ದೇನೆ. ಅಪ್ಪ ಇನ್ನೂ ಆಂಪಿಯರ್ ಮೀಟರನ್ನೇ ನೋಡಿ, "ಮುಳ್ಳು ಏಳೂದೇ ಇಲ್ಲ" ಎನ್ನುತ್ತಾರೆ.

ಹಿಂದಿನ ದೀಪಗಳು ಮಾತ್ರ ಇನ್ನೂ ಬಾಡಿಯ ಅರ್ಥಿಂಗಿನ ಮೇಲೆಯೇ ನಡೆಯುತ್ತಿವೆ. ಬಲಬದಿಯ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಅದರ ಜೊತೆಗೆ ಮಿಣುಕುತ್ತದೆ. ಬರುವ ದಾರಿ ಅಲ್ಲೂ ಕೆಟ್ಟಿದೆ ಎಂದರ್ಥ. ಅಲ್ಲಿಗೂ ಬೇರೆ ಕಪ್ಪು ತಂತಿ ಎಳೆಯಬೇಕೆಂದು ಅಳತೆ ತೆಗೆದಿಟ್ಟಿದ್ದೆವು. ಅಷ್ಟರಲ್ಲಿ ಆಗಸ್ಟ್ ಬಂತು, ಬೋಟುಗಳು ಇಳಿದವು, ಬೋಟಿನ ಎಲೆಕ್ಟ್ರಿಷಿಯನ್ ತದಡಿಗೆ ಹೋದರು. ತಂತಿಯ ಸುರುಳಿ ಕ್ಯಾಬಿನ್ನಿನಲ್ಲೇ ಇದೆ.